ಮಗನನ್ನು ಕೊಟ್ಟವರ ಹಾಡು

ಚಾಮರಾಜನಗರದ ಬಸ್ ನಿಲ್ದಾಣದಿಂದ ಗುಂಡ್ಲುಪೇಟೆಯ ಕಡೆಗೆ ಹೊರಟರೆ ಊರು ಬೇಗ ಮುಗಿದು ಹೊಲ ಶುರುವಾಗುತ್ತದೆ. ಮಳೆ ಕೈಹಿಡಿದ ವರ್ಷ ಜೋಳ, ಹುರುಳಿ, ಸೂರ್ಯಕಾಂತಿ. ಕೊಳವೆಬಾವಿಯಲ್ಲಿ ನೀರಿದ್ದವರ ಹೊಲದಲ್ಲಿ ಅರಿಶಿನ, ಈರುಳ್ಳಿ, ಚೆಂಡು ಹೂ. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಬಂಡೀಪುರದ ಕಡೆಯ ಬೆಟ್ಟಸಾಲು ನೀಲಿಯಾಗಿ ಕಾಣುತ್ತದೆ. ಈ ಎರಡು ಪಟ್ಟಣಗಳ ಸೀಮೆಯಲ್ಲಿ, ಚಾಮರಾಜನಗರ ತಾಲ್ಲೂಕಿಗೆ ಸೇರಿದ ಊರು ಉಡಿಗಾಲ. ಬಂಡೀಪುರದ ಆನೆಗೋ ಊಟಿಯ ಚಳಿಗೋ ಹೊರಟ ಪ್ರವಾಸಿಗರು ಇಂಥ ಊರುಗಳಲ್ಲಿ ಗಾಡಿ ನಿಲ್ಲಿಸುವುದು ಅಪರೂಪ. ನಿಲ್ಲಿಸಿದರೂ ಎಳನೀರು ಕುಡಿದು ಮುಂದೆ ಹೋಗುತ್ತಾರೆ.

ಹಗಲಲ್ಲಿ ಹಾದು ಹೋಗುವವರಿಗೆ ಈ ಸೀಮೆ ಅರ್ಧ ಮಾತ್ರ ಕಾಣುತ್ತದೆ. ಇನ್ನರ್ಧವನ್ನು ನೋಡಬೇಕಾದರೆ ರಾತ್ರಿ ಬರಬೇಕು. ಅದೂ ಯಾವುದಾದರೂ ಮನೆಯಲ್ಲಿ ‘ಕತೆ ಮಾಡಿಸುವ’ ರಾತ್ರಿ. ಹರಕೆಯೋ, ಹೊಸ ಮನೆಯೋ, ಹಿರಿಯರ ತಿಥಿಯೋ, ಒಂದು ಕಾರಣವಿರುತ್ತದೆ. ಊಟ ಮುಗಿದು, ಅಂಗಳಕ್ಕೆ ಚಾಪೆ ಬಿದ್ದು, ಮುದುಕಿಯರು ಮೊಮ್ಮಕ್ಕಳನ್ನು ಮಡಿಲಿಗೆ ಹಾಕಿಕೊಂಡು ಕುಳಿತ ಮೇಲೆ ಹಣೆಗೆ ಕಪ್ಪು ಧೂಳ್ತ ಬಳಿದ ಮೂರು ನಾಲ್ಕು ಗಂಡಸರು ಬರುತ್ತಾರೆ. ಒಬ್ಬನ ಹೆಗಲಿಗೆ ತಂಬೂರಿ ಒರಗಿರುತ್ತದೆ. ತಂತಿ ಮಿಡಿಯುತ್ತದೆ, ಗಗ್ಗರ ಗಲಗಲ ಎನ್ನುತ್ತದೆ. ಅಲ್ಲಿಂದ ಕೋಳಿ ಕೂಗುವವರೆಗೆ ಆ ಅಂಗಳ ಮಂಟೇಸ್ವಾಮಿಯದು.

ಹಾಡುವ ಈ ಜನರೇ ನೀಲಗಾರರು. ಅವರ ಹಾಡಿಗೆ ಅಚ್ಚಾದ ಪಠ್ಯ ಬೇಕಿಲ್ಲ, ಪರೀಕ್ಷೆಯಿಲ್ಲ, ಪ್ರಮಾಣಪತ್ರವಿಲ್ಲ. ಅಪ್ಪನಿಂದ ಮಗನಿಗೆ, ಮಾವನಿಂದ ಅಳಿಯನಿಗೆ, ಗುರುವಿನಿಂದ ಗುಡ್ಡನಿಗೆ ಬಾಯಿಂದ ಬಾಯಿಗೆ ಇಳಿದು ಬಂದದ್ದು. ಇನ್ನೊಂದು ತಲೆಮಾರಿಗೂ ಅದು ಹೀಗೇ ಇಳಿದೀತೇ ಎಂಬುದು ಈಗ ಆ ಮನೆಗಳ ಮುಂದಿರುವ ಪ್ರಶ್ನೆ. ಹಾಡುಗಾರರಿಗಿಂತ ಹೆಚ್ಚಾಗಿ ಅವರ ಮಕ್ಕಳನ್ನು ಶಾಲೆಗೆ ಕಳಿಸುವ ತಂದೆ ತಾಯಿಯರ ಪ್ರಶ್ನೆ ಅದು.

ಧರೆಗೆ ದೊಡ್ಡವರ ಒಕ್ಕಲು

ಮಂಟೇಸ್ವಾಮಿಯನ್ನು ಭಕ್ತರು ‘ಧರೆಗೆ ದೊಡ್ಡವರು’ ಎಂದು ಕರೆಯುತ್ತಾರೆ. 15-16ನೇ ಶತಮಾನದ ಸುಮಾರಿನವನೆಂದು ವಿದ್ವಾಂಸರ ಅಂದಾಜು. ಆದರೆ ಜನಪದರ ಕಾಲಗಣನೆ ಬೇರೆ. ಅವರ ಕಾವ್ಯದಲ್ಲಿ ಮಂಟೇಸ್ವಾಮಿ 12ನೇ ಶತಮಾನದ ಬಸವಣ್ಣನವರ ಕಲ್ಯಾಣಕ್ಕೇ ನಡೆದು ಹೋಗುತ್ತಾನೆ. ಅಲ್ಲಿಂದ ದಕ್ಷಿಣಕ್ಕೆ ಬಂದು ಕಾವೇರಿಯ ಆಸುಪಾಸಿನಲ್ಲಿ ತನ್ನ ಶಿಷ್ಯರನ್ನು ನೆಲೆಗೊಳಿಸುತ್ತಾನೆ.

ಈ ಪರಂಪರೆಯ ಮುಖ್ಯ ನೆಲೆಗಳು ಮೂರು ಜಿಲ್ಲೆಗಳಲ್ಲಿ ಹರಡಿವೆ. ಮಂಟೇಸ್ವಾಮಿಯ ಗದ್ದುಗೆ ಇರುವುದು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ರಾಚಪ್ಪಾಜಿ, ಚೆನ್ನಾಜಮ್ಮನವರ ನೆಲೆ ಮೈಸೂರು ಜಿಲ್ಲೆ ಕೆ.ಆರ್. ನಗರ ಸೀಮೆಯ ಕಪ್ಪಡಿಯಲ್ಲಿ, ಕಾವೇರಿಯ ದಡದ ಮೇಲೆ. ಸಿದ್ದಪ್ಪಾಜಿಯ ಗದ್ದುಗೆ ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ. ಚಾಮರಾಜನಗರ, ಗುಂಡ್ಲುಪೇಟೆ, ನಂಜನಗೂಡು, ತಿ. ನರಸೀಪುರ ಸೀಮೆಗಳ ಸಾವಿರಾರು ಮನೆಗಳು ತಾವು ಈ ಗದ್ದುಗೆಗಳ ಒಕ್ಕಲು ಎಂದು ಹೇಳಿಕೊಳ್ಳುತ್ತವೆ.

ನೀಲಗಾರರಲ್ಲಿ ಹೆಚ್ಚಿನವರು ದಲಿತ ಸಮುದಾಯದವರು. ಉಪ್ಪಾರ, ನಾಯಕ, ಒಕ್ಕಲಿಗ ಮೊದಲಾದ ಸಮುದಾಯಗಳವರೂ ದೀಕ್ಷೆ ಪಡೆದದ್ದುಂಟು. ಮಠಗಳ ಗುರುಪೀಠದಲ್ಲಿರುವವರು ಅರಸು ಮನೆತನದವರು. ಊರಿನ ಒಳಗೆ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳದಿದ್ದ ಜನರನ್ನು ಒಂದೇ ಗದ್ದುಗೆಯ ಮುಂದೆ ಕೂಡಿಸಿದ ಪರಂಪರೆ ಇದು.

ಒಕ್ಕಲಿನ ಮನೆಯಿಂದ ಒಬ್ಬ ಗಂಡುಮಗನನ್ನು ಗದ್ದುಗೆಗೆ ‘ಬಿಡುವುದು’ ಹಳೆಯ ನಡಾವಳಿ. ಮಗು ಕಾಯಿಲೆ ಬಿದ್ದಾಗ ಹೊತ್ತ ಹರಕೆಯಿಂದ, ಅಥವಾ ಮನೆತನದ ಪದ್ಧತಿಯಂತೆ, ಹುಡುಗನಿಗೆ ದೀಕ್ಷೆಯಾಗುತ್ತದೆ. ಅವನು ಸನ್ಯಾಸಿಯಾಗುವುದಿಲ್ಲ. ಮದುವೆಯಾಗುತ್ತಾನೆ, ಉಳುತ್ತಾನೆ, ಕೂಲಿಗೆ ಹೋಗುತ್ತಾನೆ. ಆದರೆ ಜೋಳಿಗೆ, ಬೆತ್ತ, ತಂಬೂರಿ ಇವು ಅವನ ಪಾಲಿಗೆ ಬರುತ್ತವೆ. ಹಬ್ಬ, ಜಾತ್ರೆಗಳಲ್ಲಿ ಭಿಕ್ಷೆಗೆ ಹೋಗುವ, ಕರೆದ ಮನೆಗೆ ಬಂದು ಹಾಡುವ ಕರ್ತವ್ಯವೂ ಬರುತ್ತದೆ.

ಇದೇ ಸೀಮೆಯಲ್ಲಿ ಇನ್ನೊಂದು ಹಾಡುವ ಬಳಗವಿದೆ. ಮಲೆ ಮಹದೇಶ್ವರನ ಕತೆ ಹಾಡುವ ದೇವರಗುಡ್ಡರು ಕಂಚಿನ ಕಂಸಾಳೆ ಹಿಡಿಯುತ್ತಾರೆ. ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಂದು ಅವರ ಕತೆ ‘ಸಾಲು’ಗಳಾಗಿ ಸಾಗುತ್ತದೆ. ಅದರ ಕುಣಿತದ ರೂಪವಾದ ಬೀಸು ಕಂಸಾಳೆ ದೆಹಲಿಯ ವೇದಿಕೆಗಳವರೆಗೂ ಹೋಗಿದೆ. ತಂಬೂರಿಗೆ ಆ ಭಾಗ್ಯ ಅಷ್ಟಾಗಿ ಒದಗಲಿಲ್ಲ. ತಂಬೂರಿಯನ್ನು ನೋಡಿ ಆನಂದಿಸುವುದು ಕಡಿಮೆ. ಅದನ್ನು ಕೂತು ಕೇಳಬೇಕು.

ಒಂದು ಶ್ರುತಿ, ಒಂದು ರಾತ್ರಿ

ತಂಬೂರಿ ಎಂದರೆ ಸಂಗೀತ ಕಛೇರಿಯ ದೊಡ್ಡ ಬುರುಡೆಯ ತಂಬೂರಿಯಲ್ಲ. ಇದು ಹೆಗಲ ಮೇಲೆ ಹೊತ್ತು ಊರೂರು ನಡೆಯಬಹುದಾದಷ್ಟು ಹಗುರವಾದದ್ದು. ಸಾಮಾನ್ಯವಾಗಿ ನಾಲ್ಕು ತಂತಿ. ಮುಖ್ಯ ಹಾಡುಗಾರ ಬಲಗೈ ಬೆರಳಿನಿಂದ ತಂತಿ ಮೀಟುತ್ತಾ, ಎಡಗೈಯಲ್ಲಿ ಗಗ್ಗರ ಆಡಿಸುತ್ತಾನೆ. ಗಗ್ಗರ ಎಂದರೆ ಒಳಗೆ ಲೋಹದ ಹರಳು ತುಂಬಿದ ಟೊಳ್ಳು ಬಳೆ. ಪಕ್ಕದಲ್ಲಿ ಹಿಮ್ಮೇಳದವರು ದಮ್ಮಡಿ ಬಡಿಯುತ್ತಾ, ತಾಳ ಹಾಕುತ್ತಾ ಸೊಲ್ಲು ಎತ್ತಿಕೊಳ್ಳುತ್ತಾರೆ. ಮುಖ್ಯ ಹಾಡುಗಾರ ಉಸಿರು ತೆಗೆದುಕೊಳ್ಳುವುದು, ಮುಂದಿನ ಮಾತು ಹುಡುಕಿಕೊಳ್ಳುವುದು ಇವರು ಸೊಲ್ಲು ಹಿಡಿದಿರುವ ಆ ಒಂದೆರಡು ಕ್ಷಣಗಳಲ್ಲಿ.

ಕೈಯಲ್ಲೊಂದು ತಂತಿವಾದ್ಯ ಹಿಡಿದು ಮನೆತನದ ಹಾಡು ಹಾಡುವ ಪದ್ಧತಿ ಜಗತ್ತಿನ ಹಲವು ಬೆಟ್ಟಗಾಡುಗಳಲ್ಲಿದೆ. ಅಮೆರಿಕದ ಅಪಲಾಚಿಯನ್ ಬೆಟ್ಟಗಳ ಹಳ್ಳಿಗಳಲ್ಲಿ ಅಂಥ ಒಂದು ವಾದ್ಯ ಆಟೋಹಾರ್ಪ್. ನಮ್ಮ ಗಾಯಕರು ಮಡಿಲಲ್ಲಿಟ್ಟುಕೊಂಡು ಮೀಟುವ ಸ್ವರಮಂಡಲವನ್ನು ನೋಡಿದವರಿಗೆ ಅದರ ಆಕಾರ ಊಹಿಸುವುದು ಸುಲಭ: ಒಂದು ಚಪ್ಪಟೆ ಪೆಟ್ಟಿಗೆ, ಅದರ ಮೇಲೆ ಮೂವತ್ತಕ್ಕೂ ಹೆಚ್ಚು ತಂತಿ. ವ್ಯತ್ಯಾಸವೆಂದರೆ ತಂತಿಗಳ ಮೇಲೆ ಅಡ್ಡಲಾಗಿ ಪಟ್ಟಿಗಳಿರುತ್ತವೆ. ಒಂದು ಪಟ್ಟಿ ಒತ್ತಿದರೆ ಬೇಡದ ತಂತಿಗಳ ಬಾಯಿ ಮುಚ್ಚಿ, ಬೇಕಾದ ಸ್ವರಗಳಷ್ಟೇ ಕೂಡಿ ನುಡಿಯುತ್ತವೆ. ಫಿಲಡೆಲ್ಫಿಯಾದಲ್ಲಿದ್ದ ಜರ್ಮನ್ ಮೂಲದ ಚಾರ್ಲ್ಸ್ ಜಿಮ್ಮರ್‌ಮನ್ 1882ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಕಲಿಯುವುದು ಸುಲಭವಾದ್ದರಿಂದ ಅದು ಬೇಗನೆ ಮನೆ ಮನೆಗೂ ತಲುಪಿತು.

ಆಟೋಹಾರ್ಪ್‌ನಲ್ಲಿ ಹಾಡಿನೊಂದಿಗೆ ಸ್ವರಗಳ ಗುಂಪೂ ಬದಲಾಗುತ್ತಾ ಹೋಗುತ್ತದೆ. ನೀಲಗಾರನ ತಂಬೂರಿ ರಾತ್ರಿಯಿಡೀ ಒಂದೇ ಶ್ರುತಿ ಹಿಡಿದಿರುತ್ತದೆ. ಬದಲಾಗುವುದೆಲ್ಲ ಹಾಡುಗಾರನ ಗಂಟಲಿನಲ್ಲಿ. ಹಾಡು ಮಾತಾಗುತ್ತದೆ, ಮಾತು ಅಳುವಾಗುತ್ತದೆ, ಅಳು ನಗೆಯಾಗುತ್ತದೆ, ಮತ್ತೆ ತಂಬೂರಿಯ ಶ್ರುತಿಗೆ ಬಂದು ಸೇರುತ್ತದೆ. ಮನೆ ಬಿಟ್ಟು ಎಷ್ಟು ದೂರ ಹೋದರೂ ದಾರಿ ತಪ್ಪದಂತೆ ಕರೆಯುವ ದನಿಯಿದ್ದಂತೆ ಆ ಶ್ರುತಿ.

ಮುದ್ದಮ್ಮನ ಮನೆ ಬಾಗಿಲು

ಮಂಟೇಸ್ವಾಮಿ ಕಾವ್ಯದ ಮೊದಲ ಭಾಗ ಕಲ್ಯಾಣದಲ್ಲಿ ನಡೆಯುತ್ತದೆ. ಕೊಳೆತು ನಾರುವ ಮೈ, ಹೊತ್ತ ಹೊಲಸು, ಮುಟ್ಟಬಾರದವನ ವೇಷ. ಹೀಗೆ ಬಂದ ಮಂಟೇಸ್ವಾಮಿಯನ್ನು ಬಾಗಿಲಲ್ಲೇ ತಡೆಯುತ್ತಾರೆ. ಸಮಾನತೆಯ ಮಾತನಾಡುವ ಶರಣರ ಊರಿನಲ್ಲೇ ಅವನಿಗೆ ಪ್ರವೇಶವಿಲ್ಲ. ಅವನನ್ನು ಗುರುತಿಸುವವರು ಬಸವಣ್ಣ ಮತ್ತು ನೀಲಮ್ಮ. ಶರಣರ ಚಳವಳಿಯ ಬಗ್ಗೆ ಪಠ್ಯಪುಸ್ತಕದಲ್ಲಿ ಓದಿದ ವಿದ್ಯಾರ್ಥಿಗೆ, ಬಾಗಿಲ ಹೊರಗೆ ನಿಂತವರ ಬಾಯಿಂದ ಅದೇ ಕತೆಯನ್ನು ಕೇಳುವ ಅವಕಾಶ ಇಲ್ಲಿದೆ.

ಕಾವ್ಯದ ಇನ್ನೊಂದು ದೊಡ್ಡ ಭಾಗ ಸಿದ್ದಪ್ಪಾಜಿಯದು. ನಿಡುಘಟ್ಟದ ಕಮ್ಮಾರ ಮನೆತನದ ಮುದ್ದಮ್ಮನ ಮಗ ಕೆಂಪಾಚಾರಿ. ಮಂಟೇಸ್ವಾಮಿ ಆ ಮನೆ ಬಾಗಿಲಿಗೆ ಬಂದು ಹುಡುಗನನ್ನು ತನ್ನ ಶಿಶುಮಗನನ್ನಾಗಿ ಕೊಡಿ ಎಂದು ಕೇಳುತ್ತಾನೆ. ಹೆತ್ತವರು ಒಪ್ಪುವುದಿಲ್ಲ. ಹೊನ್ನು ಕೇಳಿದರೆ ಕೊಟ್ಟಾರು, ದನಕರು ಕೇಳಿದರೆ ಕೊಟ್ಟಾರು, ಮಗನನ್ನು ಹೇಗೆ ಕೊಡುವುದು? ಕಷ್ಟಗಳು ಒಂದರ ಮೇಲೊಂದು ಬರುತ್ತವೆ. ಕೊನೆಗೆ ಮಗ ಗುರುವಿನ ಪಾಲಾಗುತ್ತಾನೆ, ಕೆಂಪಾಚಾರಿ ಸಿದ್ದಪ್ಪಾಜಿಯಾಗುತ್ತಾನೆ. ಗುರು ಅವನನ್ನು ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾನೆ. ಅಲ್ಲಿ ಅವನಿಗೆ ಒಡ್ಡುವ ಕಠಿಣ ಪರೀಕ್ಷೆಗಳು, ಅವನು ಅವನ್ನು ಗೆದ್ದು ಬರುವುದು, ಇವೇ ನಡುರಾತ್ರಿಯ ನಂತರದ ಕತೆ.

ಗಮನಿಸಬೇಕಾದ ಸಂಗತಿಯೆಂದರೆ, ಈ ಪ್ರಸಂಗವನ್ನು ಹಾಡುವವನು ಸ್ವತಃ ‘ಬಿಟ್ಟ’ ಮಗ. ಅವನ ತಾಯಿಯೋ ಅಜ್ಜಿಯೋ ಒಂದು ದಿನ ಅವನನ್ನು ಗದ್ದುಗೆಗೆ ಒಪ್ಪಿಸಿದವಳು. ಕೇಳುತ್ತಾ ಕುಳಿತ ಹೆಂಗಸರಲ್ಲೂ ಹರಕೆ ಹೊತ್ತವರು, ಮಕ್ಕಳನ್ನು ಕೊಟ್ಟವರು, ಕೊಡಲು ಹಿಂಜರಿದವರು ಇರುತ್ತಾರೆ. ಆದ್ದರಿಂದಲೇ ಮುದ್ದಮ್ಮನ ಗೋಳು ಬಂದಾಗ ಅಂಗಳದಲ್ಲಿ ಸೆರಗು ಕಣ್ಣಿಗೆ ಹೋಗುವುದು. ನೀಲಗಾರ ಆ ಭಾಗವನ್ನು ಅವಸರದಲ್ಲಿ ಮುಗಿಸುವುದಿಲ್ಲ. ಗುರುವಿನ ಮಹಿಮೆ ಹಾಡುವ ಕಾವ್ಯ ತಾಯಿಯ ‘ಕೊಡಲಾರೆ’ ಎಂಬ ಮಾತಿಗೂ ಪೂರ್ತಿ ಜಾಗ ಕೊಟ್ಟಿದೆ.

ಕಲಿಸುವವರಿಲ್ಲದ ಕಲಿಕೆ

ಹುಡುಗ ಕಲಿಯುವುದು ಹೇಗೆ? ಮೊದಲು ನಿದ್ದೆಗಣ್ಣಿನಲ್ಲಿ. ಅಪ್ಪನ ಜತೆ ಕತೆಗೆ ಹೋದ ಮಗು ಅಲ್ಲೇ ಚಾಪೆಯ ತುದಿಯಲ್ಲಿ ಮಲಗುತ್ತದೆ. ಅರ್ಧ ಕತೆ ನಿದ್ದೆಯಲ್ಲಿ, ಅರ್ಧ ಎಚ್ಚರದಲ್ಲಿ ಕಿವಿಗೆ ಬೀಳುತ್ತದೆ. ಸ್ವಲ್ಪ ದೊಡ್ಡವನಾದ ಮೇಲೆ ಕೈಗೆ ತಾಳ ಬರುತ್ತದೆ. ‘ಲೇ ಐದ, ತಾಳ ಬುಡಬ್ಯಾಡ ಕನಾ’ ಎಂಬುದಕ್ಕಿಂತ ಹೆಚ್ಚಿನ ಪಾಠ ಹೇಳುವ ಹಿರಿಯರು ಕಡಿಮೆ. ತಾಳದಿಂದ ಸೊಲ್ಲಿಗೆ, ಸೊಲ್ಲಿನಿಂದ ದಮ್ಮಡಿಗೆ, ಅಲ್ಲಿಂದ ಒಂದು ದಿನ ಹಿರಿಯನ ಗಂಟಲು ಕಟ್ಟಿದಾಗ ಒಂದು ಪ್ರಸಂಗ ಹೇಳುವ ಸರದಿ. ಹೀಗೆ ಬೆಳೆದವನ ಕೈಗೆ ಕೊನೆಗೆ ತಂಬೂರಿ ಬರುತ್ತದೆ.

ಇಷ್ಟು ದೊಡ್ಡ ಕಾವ್ಯವನ್ನು ಇವರು ಬಾಯಿಪಾಠ ಮಾಡಿರುತ್ತಾರೆ ಎಂದು ಪಟ್ಟಣದವರು ಬೆರಗಾಗುತ್ತಾರೆ. ಮಗ್ಗಿ ಒಪ್ಪಿಸಿದಂತೆ ಒಪ್ಪಿಸುವ ಕಲೆ ಇದಲ್ಲ. ಒಂದೇ ನೀಲಗಾರ ಒಂದೇ ಪ್ರಸಂಗವನ್ನು ಎರಡು ರಾತ್ರಿ ಎರಡು ರೀತಿ ಹಾಡಿಯಾನು. ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸ 1930ರ ದಶಕದಲ್ಲಿ ಯುಗೊಸ್ಲಾವಿಯದ ಹಳ್ಳಿಗಳಿಗೆ ಹೋಗಿ, ಒಂದೇ ತಂತಿಯ ‘ಗುಸ್ಲೆ’ ಹಿಡಿದು ವೀರಗಾಥೆ ಹಾಡುವವರನ್ನು ಧ್ವನಿಮುದ್ರಿಸಿಕೊಂಡರು. ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ ಬರೆದ ಪುಸ್ತಕ ಈ ಕಲೆಯ ಗುಟ್ಟನ್ನು ವಿವರಿಸಿತು. ಹಾಡುಗಾರ ನೆನಪಿಟ್ಟುಕೊಳ್ಳುವುದು ಕತೆಯ ದಾರಿ ಮತ್ತು ಒಂದಷ್ಟು ಸಿದ್ಧ ನುಡಿಗಟ್ಟುಗಳನ್ನು. ಉಳಿದದ್ದನ್ನು ಆ ರಾತ್ರಿ, ಆ ಜನರ ಮುಂದೆ ಕಟ್ಟುತ್ತಾನೆ. ಕಲಿಕೆಯ ಹಂತಗಳೂ ಅಲ್ಲಿ ಇಲ್ಲಿಯಂತೆಯೇ: ಮೊದಲು ಕೇಳುವುದು, ಆಮೇಲೆ ತಪ್ಪು ತಪ್ಪಾಗಿ ಹಾಡುವುದು, ಕೊನೆಗೆ ಜನರೆದುರು ನಿಲ್ಲುವುದು.

ಹಾಗಾದರೆ ಮಗನಿಗೆ ಅಪ್ಪ ಕೊಡುವುದು ಪದ್ಯವನ್ನಲ್ಲ, ಪದ್ಯ ಕಟ್ಟುವ ಶಕ್ತಿಯನ್ನು. ಅದನ್ನು ಬರೆದಿಟ್ಟು ಕಪಾಟಿನಲ್ಲಿ ಕಾಪಾಡಲಾಗುವುದಿಲ್ಲ. ಒಂದು ತಲೆಮಾರು ಚಾಪೆಯ ತುದಿಯಲ್ಲಿ ಮಲಗದೆ ಹೋದರೆ ಅದು ಅಲ್ಲಿಗೆ ನಿಂತಂತೆ.

ಭಾಷೆಯ ಮಾತೂ ಹೀಗೆಯೇ. ಈ ಸೀಮೆಯಲ್ಲಿ ‘ಹಳ್ಳಿ’ಯು ‘ಅಳ್ಳಿ’, ‘ಹಾಡು’ ಎಂಬುದು ‘ಆಡು’. ಶಾಲೆಯಲ್ಲಿ ತಪ್ಪೆಂದು ತಿದ್ದಿಸಿಕೊಳ್ಳುವ ಈ ನುಡಿ ನೀಲಗಾರನ ಬಾಯಲ್ಲಿ ಕಾವ್ಯದ ನುಡಿ. ನಂಜನಗೂಡು ಕಡೆಯ ದೇವನೂರ ಮಹಾದೇವ ಇದೇ ಸೀಮೆಯ ಆಡುಮಾತಿನಲ್ಲಿ ‘ಕುಸುಮಬಾಲೆ’ ಬರೆದರು; 1990ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎಚ್.ಎಸ್. ಶಿವಪ್ರಕಾಶ್ ‘ಮಂಟೇಸ್ವಾಮಿ ಕಥಾಪ್ರಸಂಗ’ ಎಂಬ ನಾಟಕ ಬರೆದರು. ಅಂಗಳದ ಹಾಡು ರಂಗಮಂದಿರ, ಗ್ರಂಥಾಲಯಗಳಿಗೂ ದಾರಿ ಮಾಡಿಕೊಂಡಿತು.

ಜೋಳಿಗೆಯ ಭಾರ

ಇಷ್ಟೆಲ್ಲ ಹಿರಿಮೆಯಿದ್ದರೂ ನೀಲಗಾರ ಮನೆಗಳಲ್ಲಿ ಮಗನ ಕೈಗೆ ತಂಬೂರಿ ಕೊಡಲು ತಂದೆ ತಾಯಿ ಯೋಚಿಸುತ್ತಾರೆ. ಅದಕ್ಕೆ ಕಾರಣಗಳಿವೆ. ಕತೆಗೆ ಬರುವ ಸಂಭಾವನೆಯಿಂದ ಸಂಸಾರ ನಡೆಯುವುದಿಲ್ಲ. ರಾತ್ರಿ ನಿದ್ದೆಗೆಟ್ಟವನು ಹಗಲು ಕೂಲಿಗೆ ಹೋಗಬೇಕು. ಇವೆಲ್ಲಕ್ಕಿಂತ ದೊಡ್ಡದು ಜೋಳಿಗೆಯ ಪ್ರಶ್ನೆ. ಪರಂಪರೆಯ ಕಣ್ಣಿನಲ್ಲಿ ಭಿಕ್ಷೆ ಎಂಬುದು ವ್ರತ. ಸಿದ್ದಪ್ಪಾಜಿಯೇ ಭಿಕ್ಷೆಗೆ ಹೋದವನು. ಆದರೆ ಜಾತಿಯ ಕಾರಣಕ್ಕೆ ತಲೆತಲಾಂತರ ಅವಮಾನ ಉಂಡ ಮನೆಯ ಹುಡುಗ, ಅಂಬೇಡ್ಕರರನ್ನು ಓದಿದ ಹುಡುಗ, ಊರವರ ಮನೆ ಮುಂದೆ ಜೋಳಿಗೆ ಹಿಡಿದು ನಿಲ್ಲುವುದಿಲ್ಲ ಎಂದರೆ ಅವನನ್ನು ತಪ್ಪೆನ್ನಲಾಗದು. ಪುಸ್ತಕ ಹಿಡಿಯಲೆಂದೇ ಎಷ್ಟೋ ಮಂದಿ ತಂಬೂರಿ ಕೆಳಗಿಟ್ಟರು.

ಹಾಗಿದ್ದರೆ ಹಾಡು ಉಳಿಸಲು ಯಾರೂ ಏನೂ ಮಾಡಲಿಲ್ಲವೇ? ಮಾಡಿದ್ದಾರೆ. ಜೀ.ಶಂ. ಪರಮಶಿವಯ್ಯ ಮೊದಲಾದ ಜಾನಪದ ವಿದ್ವಾಂಸರು ಹಳ್ಳಿ ಹಳ್ಳಿ ಸುತ್ತಿ ಹಾಡುಗಾರರಿಂದ ಈ ಕಾವ್ಯಗಳನ್ನು ಸಂಗ್ರಹಿಸಿದರು. ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ 1973ರಲ್ಲಿ ಅಚ್ಚಾಯಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹಿ.ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಮಂಟೇಸ್ವಾಮಿ ಕಾವ್ಯವನ್ನು 1997ರಲ್ಲಿ ಹೊರತಂದಿತು. ಅದೇ ವರ್ಷ ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಚಾಮರಾಜನಗರ ಹೊಸ ಜಿಲ್ಲೆಯಾಯಿತು. ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ದನಿಯಲ್ಲಿ ಈ ಕತೆಗಳು ಕ್ಯಾಸೆಟ್ಟಿಗೆ ಬಂದು, ಟ್ರ್ಯಾಕ್ಟರಿನಲ್ಲೂ ಟೀ ಅಂಗಡಿಯಲ್ಲೂ ಮೊಳಗಿದವು. ಕ್ಯಾಸೆಟ್ಟಿನ ಕಾಲ ಮುಗಿದ ಮೇಲೆ ಅವು ಮೊಬೈಲಿಗೆ ಬಂದಿವೆ.

ಇದರಿಂದ ಹಾಡು ಕೇಳುವವರು ಹೆಚ್ಚಿದರು. ಆದರೆ ಧ್ವನಿಮುದ್ರಣದಲ್ಲಿ ಹಾಡು ಪ್ರತಿ ಸಲವೂ ಒಂದೇ ರೀತಿ. ಅದು ಅಂಗಳದಲ್ಲಿ ಯಾರು ಅಳುತ್ತಿದ್ದಾರೆಂದು ನೋಡಿ ನಿಧಾನಿಸುವುದಿಲ್ಲ. ತಾಳ ಹಿಡಿದು ಕುಳಿತ ಹುಡುಗನ ಕಡೆ ತಿರುಗಿ ‘ಈಗ ನೀ ಏಳು’ ಎನ್ನುವುದೂ ಇಲ್ಲ.

ಬೆಟ್ಟದಾಚೆಯ ಒಂದು ಮನೆತನ

ಇಂಥದೇ ಗೊಂದಲವನ್ನು ಆಟೋಹಾರ್ಪ್ ನುಡಿಸುವ ಒಂದು ಮನೆತನವೂ ಕಂಡಿತ್ತು. ವರ್ಜೀನಿಯಾದ ‘ಪೂರ್ ವ್ಯಾಲಿ’, ಎಂದರೆ ಬಡವರ ಕಣಿವೆ, ಎಂಬ ಹೆಸರಿನ ಸೀಮೆಯವರು ಎ.ಪಿ. ಕಾರ್ಟರ್. ಅವರ ಹೆಂಡತಿ ಸಾರಾ ಆಟೋಹಾರ್ಪ್ ನುಡಿಸುತ್ತಾ ಹಾಡುತ್ತಿದ್ದರು; ತಮ್ಮನ ಹೆಂಡತಿ ಮೇಬೆಲ್ ಗಿಟಾರ್ ಹಿಡಿಯುತ್ತಿದ್ದರು. 1927ರ ಆಗಸ್ಟ್‌ನಲ್ಲಿ ಈ ಮೂವರು ಬ್ರಿಸ್ಟಲ್ ಎಂಬ ಪಟ್ಟಣಕ್ಕೆ ಹೋಗಿ ತಮ್ಮ ಕಡೆಯ ಹಾಡುಗಳನ್ನು ಗ್ರಾಮಫೋನ್ ಕಂಪನಿಗೆ ಹಾಡಿ ಬಂದರು. ಅವು ದೇಶವೆಲ್ಲ ಹರಡಿದವು. ಇನ್ನಷ್ಟು ಹಾಡು ಬೇಕೆಂದು ಎ.ಪಿ. ಕಾರ್ಟರ್ ಬೆಟ್ಟದ ಮನೆಗಳನ್ನು ಸುತ್ತಿದರು. ಜತೆಗೆ ಹೋಗುತ್ತಿದ್ದವರು ಲೆಸ್ಲಿ ರಿಡಲ್ ಎಂಬ ಕಪ್ಪು ಜನಾಂಗದ ಗಿಟಾರ್ ವಾದಕ. ಕಾರ್ಟರ್ ಸಾಹಿತ್ಯ ಬರೆದುಕೊಂಡರೆ, ರಿಡಲ್ ಮಟ್ಟುಗಳನ್ನು ತಲೆಯಲ್ಲಿಟ್ಟುಕೊಂಡು ಬರುತ್ತಿದ್ದರು. ಹಾಡಿನ ಅರ್ಧ ಭಾಗ ಕಾಗದಕ್ಕೆ ಸಿಗುವುದಿಲ್ಲ ಎಂಬುದು ಅವರಿಬ್ಬರಿಗೂ ತಿಳಿದಿತ್ತು.

ಮುಂದೆ ಕಾರ್ಟರ್ ಮನೆತನದ ತಂಡ ಚದುರಿತು. ಮೇಬೆಲ್ ತಮ್ಮ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಹಾಡನ್ನು ಮುಂದುವರಿಸಿದರು. ಎ.ಪಿ. ಕಾರ್ಟರ್ ಮತ್ತು ಸಾರಾ ಅವರ ಮಗಳು ಜಾನೆಟ್ 1970ರ ದಶಕದಲ್ಲಿ ತಂದೆ ನಡೆಸುತ್ತಿದ್ದ ಹಳ್ಳಿ ಅಂಗಡಿಯಲ್ಲೇ ವಾರಕ್ಕೊಮ್ಮೆ ಹಾಡಿನ ಕೂಟ ಆರಂಭಿಸಿದರು. ಸ್ವತಃ ಆಟೋಹಾರ್ಪ್ ಹಿಡಿದು ಕುಳಿತರು. ಲಕ್ಷಾಂತರ ಧ್ವನಿಮುದ್ರಿಕೆಗಳು ಇದ್ದ ಮೇಲೂ ಆ ಮಗಳಿಗೆ ಊರಿನಲ್ಲೊಂದು ಅಂಗಳ ಬೇಕೆನಿಸಿತು. ಆ ಕೂಟಕ್ಕೆ ಬರುವವರು ಮಕ್ಕಳನ್ನೂ ಕರೆತಂದರು. ಹಾಡು ಉಳಿಯಲು ಬೇಕಾದದ್ದು ಇಷ್ಟೇ: ಒಂದು ಜಾಗ, ವಾರಕ್ಕೊಂದು ಸಂಜೆ, ಹಾಡುವ ಹಿರಿಯರು, ಕೇಳುವ ಮಕ್ಕಳು.

ಉಡಿಗಾಲ ಸೀಮೆಗೆ ಈ ಮಾತು ಹೊಸದೇನಲ್ಲ. ಇಲ್ಲಿ ಅಂಗಳವೂ ಇದೆ, ಹಿರಿಯರೂ ಇದ್ದಾರೆ. ಜೋಳಿಗೆ ಬೇಡ ಎನ್ನುವ ಮಗನಿಗೆ ತಾಳವೂ ಬೇಡ ಎಂದು ಅರ್ಥವಲ್ಲ. ಓದಿ ಮೇಷ್ಟ್ರಾದವನು, ಕಂಡಕ್ಟರ್ ಆದವನು, ಅರಿಶಿನ ಬೆಳೆಯುವವನು ತಂಬೂರಿ ಹಿಡಿಯಬಾರದೆಂದು ಯಾವ ಗದ್ದುಗೆಯೂ ಹೇಳಿಲ್ಲ. ನೀಲಗಾರ ಯಾವತ್ತೂ ಬೇರೊಂದು ಕೆಲಸ ಮಾಡಿಕೊಂಡೇ ಹಾಡಿದವನು. ಶಾಲೆಯ ವಾರ್ಷಿಕೋತ್ಸವದಲ್ಲಿ ಸಿನಿಮಾ ಹಾಡಿಗೆ ಕುಣಿಯುವ ಮಕ್ಕಳ ನಡುವೆ ಒಂದು ಅರ್ಧ ಗಂಟೆ ಊರಿನ ನೀಲಗಾರನನ್ನು ಕೂರಿಸಿ, ಅವನ ಪಕ್ಕ ತಾಳ ಹಿಡಿದು ಮಕ್ಕಳು ಸೊಲ್ಲು ಎತ್ತಿಕೊಂಡರೆ, ಯಾರ ಓದಿಗೂ ಅಡ್ಡಿಯಾಗದು. ಅಲ್ಲಿ ಅವನು ಭಿಕ್ಷೆಗೆ ಬಂದವನಾಗಿರುವುದಿಲ್ಲ, ಪಾಠ ಹೇಳಲು ಬಂದವನಾಗಿರುತ್ತಾನೆ.

ಹೋಗಿ ಕೇಳಬೇಕೆಂದರೆ

ಮೈಸೂರಿನಿಂದ ಚಾಮರಾಜನಗರ ಸುಮಾರು 60 ಕಿ.ಮೀ. ರೈಲೂ ಉಂಟು, ಬಸ್ಸೂ ಉಂಟು. ಪಟ್ಟಣದ ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರ ನೆನಪಿಗೆ ಕಟ್ಟಿಸಿದ ಚಾಮರಾಜೇಶ್ವರ ದೇವಸ್ಥಾನ ಇಲ್ಲಿದೆ. ಗುಂಡ್ಲುಪೇಟೆಯ ದಾರಿಯಲ್ಲಿ ತೆರಕಣಾಂಬಿಯ ಹಳೆಯ ದೇಗುಲಗಳನ್ನೂ ನೋಡಬಹುದು.

ಹಾಡು ಕೇಳಲು ಜಾತ್ರೆಗಳೇ ಸೂಕ್ತ. ಬನದ ಹುಣ್ಣಿಮೆಗೆ, ಸಾಮಾನ್ಯವಾಗಿ ಜನವರಿಯಲ್ಲಿ, ಚಿಕ್ಕಲ್ಲೂರಿನ ಜಾತ್ರೆ ಐದು ದಿನ ನಡೆಯುತ್ತದೆ. ಚಾಮರಾಜನಗರದಿಂದ ಸುಮಾರು 40 ಕಿ.ಮೀ. ದೂರದ ಕೊಳ್ಳೇಗಾಲಕ್ಕೆ ಹೋಗಿ ಅಲ್ಲಿಂದ ಮುಂದುವರಿಯಬೇಕು. ಮೊದಲ ರಾತ್ರಿ ಚಂದ್ರಮಂಡಲೋತ್ಸವ. ಬಿದಿರಿನ ಚೌಕಟ್ಟಿಗೆ ಬಟ್ಟೆ ಸುತ್ತಿ ಹಚ್ಚಿದ ಜ್ಯೋತಿ ಯಾವ ದಿಕ್ಕಿಗೆ ಹೆಚ್ಚು ಉರಿಯುವುದೋ ಆ ದಿಕ್ಕಿನಲ್ಲಿ ಮಳೆ ಬೆಳೆ ಚೆನ್ನಾಗಿ ಆಗುತ್ತದೆಂಬ ನಂಬಿಕೆಯಿದೆ. ನೀಲಗಾರರ ದೀಕ್ಷೆ, ಎಲ್ಲರೂ ಕೂತು ಉಣ್ಣುವ ಪಂಕ್ತಿಸೇವೆ ಮುಂದಿನ ದಿನಗಳಲ್ಲಿ. ಕಪ್ಪಡಿಯ ಜಾತ್ರೆ ಶಿವರಾತ್ರಿಯಿಂದ ಯುಗಾದಿಯವರೆಗೆ ನಡೆಯುತ್ತದೆ. ವಾದ್ಯಗಳನ್ನು ಹತ್ತಿರದಿಂದ ನೋಡಬಯಸುವ ವಿದ್ಯಾರ್ಥಿಗಳಿಗೆ ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯ, ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇವೆ. ಆದರೆ ಗಾಜಿನ ಪೆಟ್ಟಿಗೆಯ ತಂಬೂರಿ ನುಡಿಯುವುದಿಲ್ಲ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿ ಕರೆದೊಯ್ಯುವುದು ಒಳ್ಳೆಯದು.

ಕತೆ ಮಾಡಿಸಿದ ರಾತ್ರಿ ಮೂಡಣ ಕೆಂಪಾಗುವ ಹೊತ್ತಿಗೆ ಮಂಗಳವಾಗುತ್ತದೆ. ಮನೆಯವರು ನೀಲಗಾರರಿಗೆ ಎಲೆ ಅಡಿಕೆ, ಕಾಣಿಕೆ ಕೊಟ್ಟು ಕಾಲು ಮುಟ್ಟುತ್ತಾರೆ. ಹಿಂದಿನ ದಿನ ಬೀದಿಯಲ್ಲಿ ದೂರ ನಿಲ್ಲುತ್ತಿದ್ದವನ ಕಾಲಿಗೆ ಆ ಬೆಳಗು ಎಲ್ಲರೂ ಬಾಗುತ್ತಾರೆ. ಅವನು ಮನೆಗೆ ಹೋಗಿ ತಂಬೂರಿಯನ್ನು ಗೋಡೆಯ ಗೂಟಕ್ಕೆ ನೇತುಹಾಕುತ್ತಾನೆ. ಅವನ ಪಕ್ಕ ತಾಳ ಹಿಡಿದಿದ್ದ ಹುಡುಗನಿಗೆ ನಿದ್ದೆ ಸಾಲದು. ಮುಖ ತೊಳೆಸಿ, ತಲೆ ಬಾಚಿ, ಚೀಲ ಹೆಗಲಿಗೆ ಹಾಕಿ ಅವನವ್ವ ಅವನನ್ನು ಶಾಲೆಯ ಬಸ್ಸಿಗೆ ಹತ್ತಿಸುತ್ತಾಳೆ. ಹಣೆಯ ಕಪ್ಪು ಪೂರ್ತಿ ಹೋಗಿರುವುದಿಲ್ಲ. ಅದನ್ನು ಸೆರಗಿನಿಂದ ಒರೆಸಬೇಕೋ ಬಿಡಬೇಕೋ ಎಂದು ಅವಳು ಒಂದು ಗಳಿಗೆ ಯೋಚಿಸುತ್ತಾಳೆ. ಅಷ್ಟರಲ್ಲಿ ಬಸ್ಸು ಹೊರಟಿರುತ್ತದೆ.